ಒಣ ವೈನಿನ ಗುಳ್ಳೆ, ಬೇದಾಣೆಯ ಲೆಕ್ಕ

ಸಾಂಗಲಿಯಿಂದ ಪಶ್ಚಿಮಕ್ಕೆ, ಕೃಷ್ಣೆಯ ಸೇತುವೆ ದಾಟಿ ವಾರಣಾ ನದಿಯ ಕಡೆ ಹೊರಟರೆ ಕಬ್ಬಿನ ಗದ್ದೆಗಳ ನಡುವೆ ಸಿಗುವ ಊರು ಸಮಡೋಳಿ. ಮಿರಜ ತಾಲೂಕಿನ ಈ ಊರಿನ ಹೆಸರು ದೂರದ ರಾಜಸ್ಥಾನದ ಜೈನರಿಗೂ ಗೊತ್ತು. ನಮ್ಮ ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮಣ್ಣಿನಿಂದ ಬಂದ ಶಾಂತಿಸಾಗರ ಮುನಿಗಳಿಗೆ ಆಚಾರ್ಯ ಪದವಿ ದೊರೆತದ್ದು 1924ರಲ್ಲಿ, ಇದೇ ಸಮಡೋಳಿಯಲ್ಲಿ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಮನೆಗಳು ಇಲ್ಲಿ ಇಂದಿಗೂ ಇವೆ. ಮದ್ಯ, ಮಾಂಸ, ಮಧು ಈ ಮೂರನ್ನು ಬಿಡುವುದೇ ಶ್ರಾವಕನ ಮೊದಲ ಪಾಠ.

ಇಂಥ ಊರಿನಿಂದ ವೈನಿನ ಬಗ್ಗೆ ಪ್ರಶ್ನೆ ಬಂದೀತೆಂದು ನಾನು ಅಂದುಕೊಂಡಿರಲಿಲ್ಲ. ಕೇಳಿದವರು ಎಪ್ಪತ್ತು ದಾಟಿದ ರೈತರು, ಊರವರೆಲ್ಲ ಅವರನ್ನು ತಾತ್ಯಾ ಎನ್ನುತ್ತಾರೆ. ಅವರ ಹೊಲದಲ್ಲಿ ಕಬ್ಬು, ಅರಿಷಿಣ. ಆದರೆ ಮಗಳನ್ನು ಕೊಟ್ಟದ್ದು ಅಥಣಿ ತಾಲೂಕಿನ ಪೂರ್ವಕ್ಕೆ, ಅಲ್ಲಿ ಅಳಿಯನಿಗೆ ದ್ರಾಕ್ಷಿ ಬಾಗ ಇದೆ. ಆ ಬಾಗದ ಎರಡೆಕರೆ ಹಳೆಯ ಬಳ್ಳಿ ಕಿತ್ತು ವೈನಿನ ದ್ರಾಕ್ಷಿ ಹಚ್ಚಿರಿ ಎಂದು ಯಾರೋ ಅಳಿಯನ ತಲೆಗೆ ಹಾಕಿದ್ದಾರೆ. ಗುಳ್ಳೆಯೇಳುವ 'ಡ್ರೈ' ವೈನಿಗೆ ಈಗ ಬೇಡಿಕೆ, ಅದಕ್ಕೆ ಬೇಕಾದ ದ್ರಾಕ್ಷಿ ಜನವರಿಯಲ್ಲೇ ಕೊಯ್ಲಿಗೆ ಬರುತ್ತದೆ, ಅವಕಾಳಿ ಮಳೆಯ ಕಾಟವಿಲ್ಲ ಎಂಬುದು ಅವರ ಮಾತು.

"ಸಾಹೇಬ್ರ, ಡ್ರೈ ವೈನ್ ಅಂದ್ರ ಏನ್ರೀ? ನಾವು ಬೇದಾಣಿ ಒಣಗಸ್ತೇವಲ್ಲ, ಹಂಗೇನಾರ ಒಣಗಸ್ತಾರೇನು?" ಎಂದು ತಾತ್ಯಾ ಕೇಳಿದರು.

ನಗುವ ಪ್ರಶ್ನೆಯಲ್ಲ ಇದು. ದ್ರಾಕ್ಷಿ ಒಣಗಿಸಿ ಹೊಟ್ಟೆ ಹೊರೆಯುವ ಸೀಮೆಯಲ್ಲಿ 'ಡ್ರೈ' ಅಂದರೆ ಒಣಗಿಸಿದ್ದು ಎಂದೇ ಅರ್ಥ. ವೈನಿನವರ ಭಾಷೆಯಲ್ಲಿ ಮಾತ್ರ ಅದರ ಅರ್ಥ ಬೇರೆ: ಸಿಹಿ ಉಳಿಯದ್ದು. ಹಣ್ಣಿನಲ್ಲಿದ್ದ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮದ್ಯಸಾರ ಮಾಡಿ ಮುಗಿಸಿದರೆ ಆ ವೈನು 'ಡ್ರೈ'. ಗುಳ್ಳೆಯ ವೈನಿನಲ್ಲಿ ಇನ್ನೊಂದು ಗೊಂದಲವಿದೆ. ಅಲ್ಲಿ ಒಣದಕ್ಕೆ 'ಬ್ರೂಟ್' ಎಂಬ ಫ್ರೆಂಚ್ ಹೆಸರು. ಲೀಟರಿಗೆ 12 ಗ್ರಾಂ ಸಕ್ಕರೆಗಿಂತ ಕಡಿಮೆ ಇರಬೇಕು. ಅದೇ ಬಾಟ್ಲಿಯ ಮೇಲೆ 'ಡ್ರೈ' ಎಂದು ಬರೆದಿದ್ದರೆ 17ರಿಂದ 32 ಗ್ರಾಂ ಸಕ್ಕರೆ! ಅಂದರೆ ಡ್ರೈ ಎಂದು ಬರೆದದ್ದು ಬ್ರೂಟ್‌ಗಿಂತ ಸಿಹಿ. ವ್ಯಾಪಾರದ ಹೆಸರುಗಳು ಎಲ್ಲ ಕಡೆ ಹೀಗೇ ಏನೋ.

ಈ ಒಣರುಚಿ ಹಳೆಯದೂ ಅಲ್ಲ. ಫ್ರಾನ್ಸಿನ ಶಾಂಪೇನ್ ಸೀಮೆಯ ಗುಳ್ಳೆ ವೈನು ಮೊದಲು ಪಾನಕದಷ್ಟು ಸಿಹಿ ಇರುತ್ತಿತ್ತು. ರಷ್ಯಾದ ದೊರೆಗಳಿಗಂತೂ ಇನ್ನೂ ಸಿಹಿ ಬೇಕಾಗಿತ್ತು. ಇಂಗ್ಲಿಷರು ಸಿಹಿ ಬೇಡವೆಂದರು. ಅವರಿಗಾಗಿ 1874ರ ಬೆಳೆಯಿಂದ ಒಣ ಶಾಂಪೇನ್ ಮಾಡಿಸಿ ಹೆಸರು ಮಾಡಿದವರು ಲೂಯಿಸ್ ಪೊಮ್ಮರಿ ಎಂಬ ವಿಧವೆ. ಅವರಿಗಿಂತ ಮೊದಲು ಮೇಡಂ ಕ್ಲಿಕೊ ಎಂಬ ಇನ್ನೊಬ್ಬ ವಿಧವೆ, 1805ರಲ್ಲಿ ಗಂಡ ತೀರಿಕೊಂಡಾಗ ಅವರಿಗೆ 27 ವರ್ಷ, ಮನೆಯ ಧಂದೆಯನ್ನು ತಾವೇ ನಡೆಸಿ, ಬಾಟ್ಲಿಯ ಗಸಿ ತೆಗೆಯುವ ಉಪಾಯವನ್ನು ತಮ್ಮ ನೆಲಮಾಳಿಗೆಯಲ್ಲಿ ರೂಢಿಗೆ ತಂದರು. ಹೊಲ, ನೆಲಮಾಳಿಗೆ, ಅಂಗಡಿ ಮೂರೂ ಒಂದೇ ಮನೆಯ ಕೈಯಲ್ಲಿ ಇದ್ದರೆ ಈ ಧಂದೆ ನಿಲ್ಲುತ್ತದೆ ಎಂಬುದಕ್ಕೆ ಅಲ್ಲಿ ಇನ್ನೂರು ವರ್ಷದ ಉದಾಹರಣೆಗಳಿವೆ. ಈ ಮಾತನ್ನು ಮುಂದೆ ನಮ್ಮ ಕಡೆಯ ಲೆಕ್ಕಕ್ಕೆ ನೆನಪಿಡಬೇಕು.

ಬಾಟ್ಲಿಯೊಳಗೆ ಎರಡನೇ ಹುದುಗು

ದ್ರಾಕ್ಷಿ ಬೆಳೆಯುವವರಿಗೆ ಇದನ್ನು ವಿವರಿಸುವುದು ಸುಲಭ. ಬೇದಾಣೆಗೆ ನಾವು ಬ್ರಿಕ್ಸ್ 22 ದಾಟುವವರೆಗೆ ಗೊಂಚಲನ್ನು ಬಳ್ಳಿಯ ಮೇಲೇ ಬಿಡುತ್ತೇವೆ. ಸಿಹಿ ಹೆಚ್ಚಿದಷ್ಟೂ ಇಳುವರಿ. ಗುಳ್ಳೆ ವೈನಿನವರು ಇದಕ್ಕೆ ತದ್ವಿರುದ್ಧ. 18, 19 ಬ್ರಿಕ್ಸ್ ಸುತ್ತಮುತ್ತ ಇರುವಾಗಲೇ, ಹಣ್ಣು ಇನ್ನೂ ಹುಳಿ ಹಿಡಿದುಕೊಂಡಿರುವಾಗಲೇ ಕೊಯ್ದುಬಿಡುತ್ತಾರೆ. ಆ ಹುಳಿಯೇ ಅವರಿಗೆ ಬಂಡವಾಳ. ನಮ್ಮ ಬಿಸಿಲಿನಲ್ಲಿ ಹುಳಿ ಬೇಗ ಹೋಗುತ್ತದೆ, ಆದ್ದರಿಂದ ಬೆಳಗಿನ ಜಾವ ತಂಪು ಹೊತ್ತಿನಲ್ಲೇ ಕೊಯ್ದು ಸಾಗಿಸಬೇಕು. ಹೊತ್ತು ಏರಿದ ಮೇಲೆ ಬಂದ ಟ್ರಾಲಿಗೆ ಅಲ್ಲಿ ಮರ್ಯಾದೆಯಿಲ್ಲ.

ರಸವನ್ನು ಮೆಲ್ಲಗೆ ಹಿಂಡುತ್ತಾರೆ. ಶಾಂಪೇನ್ ಸೀಮೆಯ ಕಟ್ಟಳೆಯ ಪ್ರಕಾರ 4,000 ಕಿಲೋ ಹಣ್ಣಿನಿಂದ 2,550 ಲೀಟರಿಗಿಂತ ಹೆಚ್ಚು ರಸ ತೆಗೆಯುವಂತಿಲ್ಲ. ಮುಕ್ಕಾಲು ಲೀಟರಿನ ಬಾಟ್ಲಿಯ ಲೆಕ್ಕ ಹಾಕಿದರೆ ಒಂದಕ್ಕೆ ಸುಮಾರು ಒಂದೂಕಾಲು ಕಿಲೋ ಹಣ್ಣು. ಆ ರಸ ಮೊದಲು ದೊಡ್ಡ ಟಾಕಿಯಲ್ಲಿ ಹುದುಗುತ್ತದೆ. ಅಲ್ಲಿಗೆ ಅದು ತೆಳ್ಳಗಿನ, ಹುಳಿಯಾದ, ಕುಡಿದರೆ ಮುಖ ಕಿವುಚುವ ಸಾದಾ ವೈನು.

ಗುಳ್ಳೆ ಬರುವುದು ಅದರ ನಂತರ. ಈ ವೈನಿಗೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಮತ್ತೆ ಯೀಸ್ಟ್ ಸೇರಿಸಿ, ದಪ್ಪ ಗಾಜಿನ ಬಾಟ್ಲಿಗೆ ತುಂಬಿ, ಸೋಡಾ ಬಾಟ್ಲಿಗೆ ಹಾಕುವಂಥ ತಗಡಿನ ಮುಚ್ಚಳ ಬಿಗಿಯುತ್ತಾರೆ. ಒಳಗೆ ಎರಡನೇ ಸಲ ಹುದುಗು ಏಳುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ಗಾಳಿ ವೈನಿನಲ್ಲೇ ಕರಗುತ್ತದೆ. ಒಳಗಿನ ಒತ್ತಡ ಆರು ವಾತಾವರಣದಷ್ಟು. ಕಾರಿನ ಟಾಯರಿನ ಒತ್ತಡದ ಸುಮಾರು ಮೂರು ಪಟ್ಟು. ಹಿಂದಿನ ಕಾಲದಲ್ಲಿ ನೆಲಮಾಳಿಗೆಯಲ್ಲಿ ಒಂದು ಬಾಟ್ಲಿ ಒಡೆದರೆ ಸಾಲಿಗೆ ಸಾಲೇ ಒಡೆಯುತ್ತಿತ್ತಂತೆ, ಕೆಲಸದವರು ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದರು.

ಸಕ್ಕರೆ ತಿಂದು ಮುಗಿಸಿದ ಯೀಸ್ಟ್ ಸತ್ತು ಬಾಟ್ಲಿಯ ತಳಕ್ಕೆ ಗಸಿಯಾಗಿ ಕೂಡುತ್ತದೆ. ಅದನ್ನು ತಕ್ಷಣ ತೆಗೆಯುವುದಿಲ್ಲ. ಆ ಗಸಿಯ ಜೊತೆ ತಿಂಗಳುಗಟ್ಟಲೆ ಮಲಗಿದಾಗಲೇ ಬೇಯಿಸಿದ ರೊಟ್ಟಿಯಂಥ ವಾಸನೆ ಬರುವುದು. ಶಾಂಪೇನ್ ಸೀಮೆಯಲ್ಲಿ ಬಾಟ್ಲಿ ತುಂಬಿದ ಮೇಲೆ ಕನಿಷ್ಠ 15 ತಿಂಗಳು ಇಡಲೇಬೇಕು. ಆಮೇಲೆ ಬಾಟ್ಲಿಯನ್ನು ಓರೆ ಇಟ್ಟು, ದಿನಾ ಸ್ವಲ್ಪ ಸ್ವಲ್ಪ ತಿರುವುತ್ತ, ಗಸಿಯನ್ನು ಕುತ್ತಿಗೆಗೆ ತರುತ್ತಾರೆ. ಮೇಡಂ ಕ್ಲಿಕೊ ಮನೆಯ ಉಪಾಯ ಇದೇ. ಕುತ್ತಿಗೆಯನ್ನು ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಗಸಿಯ ಉಂಡೆ ಸಿಡಿದು ಹೊರಗೆ ಬೀಳುತ್ತದೆ. ಖಾಲಿಯಾದ ಜಾಗಕ್ಕೆ ತುಸು ವೈನು, ತುಸು ಸಕ್ಕರೆ ಹಾಕಿ, ಕಾರ್ಕು ಬಡಿದು, ತಂತಿ ಬಿಗಿಯುತ್ತಾರೆ. ಬ್ರೂಟ್ ಆಗುವುದೋ ಸಿಹಿಯಾಗುವುದೋ ಈ ಕೊನೆಯ ಚಿಟಿಕೆಯ ಮೇಲೆ.

ಇದಕ್ಕಿಂತ ಅಗ್ಗದ ದಾರಿಯೂ ಇದೆ. ಎರಡನೇ ಹುದುಗನ್ನು ದೊಡ್ಡ ಉಕ್ಕಿನ ಟಾಕಿಯಲ್ಲೇ ಒತ್ತಡದಲ್ಲಿ ಮಾಡಿ ಬಾಟ್ಲಿಗೆ ತುಂಬುವುದು. ಕೆಲವು ತಿಂಗಳಲ್ಲಿ ಮುಗಿಯುತ್ತದೆ. ರುಚಿ ಬೇರೆ, ಬೆಲೆಯೂ ಬೇರೆ.

ವ್ಯಾಪಾರಿಗಳು ಗಮನಿಸಬೇಕಾದದ್ದು ಇಲ್ಲಿದೆ. ರೈತನ ಕೆಲಸ ಜನವರಿಯಲ್ಲಿ ಮುಗಿಯಿತು. ಮಾಲು ಮಾರಾಟವಾಗುವುದು ಒಂದೂವರೆ, ಎರಡು ವರ್ಷದ ಮೇಲೆ. ನಡುವಿನ ಅವಧಿಯಲ್ಲಿ ಹಣ್ಣಿನ ದುಡ್ಡು, ಬಾಟ್ಲಿಯ ದುಡ್ಡು, ವಿದ್ಯುತ್ತಿನ ದುಡ್ಡು ಎಲ್ಲವೂ ನೆಲಮಾಳಿಗೆಯಲ್ಲಿ ಮಲಗಿರುತ್ತವೆ. ಆ ದುಡ್ಡಿನ ಬಡ್ಡಿ ಯಾರು ಹೊರುತ್ತಾರೆ? ಮಾಲೀಕನಿಗೆ ಸ್ವಂತ ಶಕ್ತಿ ಇದ್ದರೆ ಅವನೇ. ಇಲ್ಲದಿದ್ದರೆ ಬ್ಯಾಂಕು. ಬ್ಯಾಂಕೂ ಕೈಬಿಟ್ಟರೆ, ಹಣ್ಣು ಕೊಟ್ಟು ಚೀಟಿ ಹಿಡಿದು ಕುಳಿತ ರೈತ.

ನಾರಾಯಣಗಾಂವದ ಏಳುಬೀಳು

ಭಾರತದಲ್ಲಿ ಈ ಪದ್ಧತಿಯ ಒಣ ವೈನನ್ನು ಮೊದಲು ಜಗತ್ತಿಗೆ ತೋರಿಸಿದ್ದು ಒಂದು ಮನೆತನ. ಪುಣೆ-ನಾಶಿಕ ರಸ್ತೆಯ ನಾರಾಯಣಗಾಂವದಲ್ಲಿ ಶಾಮರಾವ ಚೌಗುಲೆ 1980ರ ದಶಕದ ಆರಂಭದಲ್ಲಿ ಶಾಂಪೇನ್ ಇಂಡೇಜ್ ಕಂಪನಿ ಹುಟ್ಟುಹಾಕಿದರು. ಚೌಗುಲೆ ಎಂಬ ಅಡ್ಡಹೆಸರು ಕೇಳಿದರೆ ಸಾಂಗಲಿ, ಕೊಲ್ಹಾಪುರ, ಬೆಳಗಾವಿಯ ಜನಕ್ಕೆ ನಮ್ಮವರೇ ಎನಿಸುತ್ತದೆ. ನಮ್ಮಲ್ಲಿ ಆ ಹೆಸರಿಲ್ಲದ ಊರು ಕಡಿಮೆ. 1785ರಲ್ಲಿ ಆರಂಭವಾದ ಪೈಪರ್ ಹೈಡ್ಸಿಕ್ ಎಂಬ ಫ್ರೆಂಚ್ ಮನೆಯಿಂದ ಅವರು ತಂತ್ರಜ್ಞಾನ ತಂದರು. ಫ್ರೆಂಚ್ ತಳಿಗಳನ್ನು ಸಹ್ಯಾದ್ರಿಯ ಬೆಚ್ಚನೆ ಮಣ್ಣಿನಲ್ಲಿ ಬೆಳೆಸಿದರು. ಅದೇ ದಶಕದ ನಡುವೆ 'ಓಮರ್ ಖಯ್ಯಾಮ್' ಎಂಬ ಹೆಸರಿನ ಬಾಟ್ಲಿ ಪರದೇಶಕ್ಕೆ ಹೊರಟಿತು. ದೇಶದೊಳಗೆ ಮಾರಿದ್ದಕ್ಕೆ 'ಮಾರ್ಕಿ ದ ಪೊಂಪಾದೂರ್' ಎಂದು ಹೆಸರು.

ಲಂಡನ್ನಿನ ಅಂಗಡಿಗಳಲ್ಲಿ ಮಹಾರಾಷ್ಟ್ರದ ಬಾಟ್ಲಿ ನಿಂತಾಗ ಅಲ್ಲಿಯ ವೈನು ಬಲ್ಲವರು ಅಚ್ಚರಿಪಟ್ಟರು. ಉಷ್ಣದೇಶದಲ್ಲಿ, ಬಳ್ಳಿ ಚಳಿಗಾಲದ ನಿದ್ದೆಯನ್ನೇ ಕಾಣದ ನಾಡಿನಲ್ಲಿ, ಇದು ಹೇಗೆ ಸಾಧ್ಯವೆಂಬುದು ಅವರ ಪ್ರಶ್ನೆ. ಉತ್ತರ ನಮ್ಮ ಪ್ರತಿಯೊಬ್ಬ ದ್ರಾಕ್ಷಿ ರೈತನಿಗೂ ಗೊತ್ತು. ಎಪ್ರಿಲ್‌ನಲ್ಲಿ ಖರಡ ಛಾಟಣಿ, ಅಕ್ಟೋಬರದಲ್ಲಿ ಗೋಡಿ ಛಾಟಣಿ. ಎರಡು ಸಲ ಕತ್ತರಿ, ಒಂದೇ ಸಲ ಹಣ್ಣು. ಯುರೋಪಿನಲ್ಲಿ ಹಿಮ ಮಾಡುವ ಕೆಲಸವನ್ನು ಇಲ್ಲಿ ಕತ್ತರಿ ಮಾಡುತ್ತದೆ.

'ಶಾಂಪೇನ್' ಎಂಬ ಹೆಸರನ್ನು ಮಾತ್ರ ಬಾಟ್ಲಿಯ ಮೇಲೆ ಅವರು ಯುರೋಪಿನಲ್ಲಿ ಬಳಸುವಂತಿರಲಿಲ್ಲ. ಅದು ಫ್ರಾನ್ಸಿನ ಒಂದು ಸೀಮೆಯ ಹೆಸರು, ಅಲ್ಲಿ ಬೆಳೆದು ಅಲ್ಲಿ ಮಾಡಿದ್ದಕ್ಕೆ ಮಾತ್ರ ಸಲ್ಲುತ್ತದೆ. ಸಾಂಗಲಿಯ ಬೇದಾಣೆಗೂ ಅರಿಷಿಣಕ್ಕೂ ಭೌಗೋಳಿಕ ಗುರುತು ಸಿಕ್ಕ ಮೇಲೆ ಈ ಕಾನೂನಿನ ಬೆಲೆ ನಮಗೂ ತಿಳಿದಿದೆ. ಬೇರೆ ಊರಿನ ಮಾಲಿಗೆ ನಮ್ಮ ಹೆಸರು ಅಂಟಿಸಿದರೆ ನಾವೂ ಸುಮ್ಮನಿರುವುದಿಲ್ಲವಲ್ಲ.

ಇಪ್ಪತ್ತು ವರ್ಷ ಮೀರಿ ಧಂದೆ ಬೆಳೆಯಿತು. ಮಗ ರಣಜಿತ ಚೌಗುಲೆ ಮುಂದೆ ಬಂದರು, ಕಂಪನಿಯ ಹೆಸರು ಇಂಡೇಜ್ ವಿಂಟ್ನರ್ಸ್ ಎಂದಾಯಿತು, ಸಾಲ ಮಾಡಿ ಪರದೇಶದ ವೈನ್ ಕಂಪನಿಗಳನ್ನು ಕೊಳ್ಳುವವರೆಗೆ ಕೈ ಚಾಚಿತು. 2008ರಲ್ಲಿ ಜಗತ್ತಿನ ಮಾರುಕಟ್ಟೆ ಕುಸಿಯಿತು. ಅದೇ ವರ್ಷ ನವೆಂಬರದಲ್ಲಿ ಮುಂಬಯಿ ಮೇಲೆ ದಾಳಿಯಾಗಿ ತಾರಾ ಹೋಟೆಲುಗಳು ಖಾಲಿ ಹೊಡೆದವು. ವೈನು ಹೋಗುತ್ತಿದ್ದುದೇ ಆ ಹೋಟೆಲುಗಳಿಗೆ. ಸಾಲಗಾರರು ಕೋರ್ಟಿಗೆ ಹೋದರು. 2010-11ರ ಹೊತ್ತಿಗೆ ಮುಂಬಯಿ ಹೈಕೋರ್ಟಿನಲ್ಲಿ ಕಂಪನಿ ಮುಚ್ಚುವ ಪ್ರಕ್ರಿಯೆ ನಡೆದು ಭಾರತದ ಮೊದಲ ದೊಡ್ಡ ವೈನ್ ಮನೆ ನೆಲಕಚ್ಚಿತು.

ಆ ಕಂಪನಿ ಒಂದರದ್ದೇ ಕಥೆಯಲ್ಲ. ಆ ಎರಡು ಮೂರು ವರ್ಷ ನಾಶಿಕ ಭಾಗದಲ್ಲಿ ವೈನರಿಗಳ ಟಾಕಿ ತುಂಬಿ, ಹೊಸ ಹಣ್ಣು ಬೇಡವೆಂದರು. ರೈತರು ವೈನಿನ ಬಳ್ಳಿ ಕಿತ್ತು ಹಾಕಿದರು. ಏಕೆ ಕಿತ್ತರು ಎಂಬುದನ್ನು ಅಳಿಯ ದೇವರು ಮೊದಲು ತಿಳಿಯಬೇಕು. ವೈನಿನ ದ್ರಾಕ್ಷಿ ಸಣ್ಣದು, ಬೀಜದ್ದು, ದಪ್ಪ ಸಿಪ್ಪೆಯದು. ಪೇಟೆಯಲ್ಲಿ ಪೆಟ್ಟಿಗೆ ಕಟ್ಟಿ ಮಾರಲು ಬರುವುದಿಲ್ಲ, ರ್‍ಯಾಕಿನ ಮೇಲೆ ಹಾಕಿ ಬೇದಾಣೆ ಮಾಡಿದರೆ ಕೇಳುವವರಿಲ್ಲ. ಕೊಳ್ಳುವವನು ಒಬ್ಬನೇ. ಅವನು ಬಾಗಿಲು ಹಾಕಿದರೆ ರೈತನಿಗೆ ಇನ್ನೊಂದು ಬಾಗಿಲು ಇಲ್ಲ.

ಅಕಲೂಜದ ಮೂರು ಮನೆ

ನಮಗೆ ಹತ್ತಿರದ, ಈಗ ನಡೆಯುತ್ತಿರುವ ಉದಾಹರಣೆ ಸೋಲಾಪುರ ಜಿಲ್ಲೆಯ ಅಕಲೂಜ. ಸಹಕಾರ ಮಹರ್ಷಿ ಶಂಕರರಾವ ಮೋಹಿತೆ ಪಾಟೀಲರ ಸಕ್ಕರೆಯ ಊರು ಅದು. ಆ ಮನೆತನದ ರಣಜಿತಸಿಂಹ ಮೋಹಿತೆ ಪಾಟೀಲರು, ದಿಲ್ಲಿಯ ಸೇಖ್ರಿ ಸಹೋದರರು, ಇಟಲಿಯ ಸೆಚ್ಚಿ ಸಹೋದರರು ಹೀಗೆ ಮೂರು ಮನೆ ಕೂಡಿ 2007ರ ಸುಮಾರಿಗೆ ಬಳ್ಳಿ ಹಚ್ಚಿದರು. ಹೆಸರೂ ಅದೇ, 'ಫ್ರಾಟೆಲ್ಲಿ', ಇಟಲಿಯ ಭಾಷೆಯಲ್ಲಿ ಅಣ್ಣತಮ್ಮಂದಿರು. ಪಿಯೆರೊ ಮಾಸಿ ಎಂಬ ಇಟಲಿಯ ವೈನ್ ಪರಿಣತರು ಬಳ್ಳಿ ಆರಿಸುವುದರಿಂದ ಬಾಟ್ಲಿಯವರೆಗೆ ನೋಡಿಕೊಂಡರು. ಅಲ್ಲಿಂದ 'ಗ್ರಾನ್ ಕುವೆ ಬ್ರೂಟ್' ಎಂಬ ಒಣ ಗುಳ್ಳೆ ವೈನೂ ಹೊರಬರುತ್ತದೆ.

ಇಲ್ಲಿ ನನಗೆ ಮುಖ್ಯವೆನಿಸಿದ್ದು ರುಚಿಯಲ್ಲ, ರಚನೆ. ಅವರು ಸ್ವಂತ ತೋಟದ ಹಣ್ಣಿಗೇ ಹೆಚ್ಚು ಒತ್ತು ಕೊಟ್ಟವರು. ಬಾಗ ಅವರದು, ಟಾಕಿ ಅವರದು, ಮಾರುವ ಜಾಲ ಅವರದು. ಹಣ್ಣಿನ ದರ ಕುಸಿದರೆ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದಂತೆ. ಅಷ್ಟಿದ್ದೂ ದೊಡ್ಡದಾಗಲು ಹೊರಗಿನ ಬಂಡವಾಳ ಬೇಕಾಯಿತು. 2024ರ ಹೊತ್ತಿಗೆ ಷೇರುಪೇಟೆಯಲ್ಲಿದ್ದ ಟಿನ್ನಾ ಟ್ರೇಡ್ ಕಂಪನಿಯ ಜೊತೆ ಅದನ್ನು ಜೋಡಿಸಿ ಫ್ರಾಟೆಲ್ಲಿ ವಿನ್ಯಾರ್ಡ್ಸ್ ಎಂದು ಹೆಸರಿಟ್ಟರು. ನಾಶಿಕದ ಗಂಗಾಪುರ ಜಲಾಶಯದ ದಂಡೆಯಲ್ಲಿ ಗುರ್ನಾನಿ ಮನೆತನ ನಡೆಸುತ್ತಿದ್ದ ಯಾರ್ಕ್ ವೈನರಿ ಕೂಡ ಒಳ್ಳೆಯ ಗುಳ್ಳೆ ವೈನು ಮಾಡುತ್ತಿತ್ತು. 2021ರಲ್ಲಿ ಅದನ್ನು ಸುಲಾ ಕಂಪನಿ ಕೊಂಡಿತು. ದೊಡ್ಡಬಳ್ಳಾಪುರದಲ್ಲಿ ನಂದಿಬೆಟ್ಟದ ತಂಪಿನಲ್ಲಿ ಕನ್ವಲ್ ಗ್ರೋವರ್ 1988ರಲ್ಲಿ ಆರಂಭಿಸಿದ ಮನೆತನದ ತೋಟವೂ 2012ರಲ್ಲಿ ನಾಶಿಕ ಕಡೆಯ ಇನ್ನೊಂದು ಕಂಪನಿಯೊಂದಿಗೆ ಕೂಡಿ ಗ್ರೋವರ್ ಝಂಪಾ ಆಯಿತು. ಮನೆತನವೆಂದು ಆರಂಭವಾದದ್ದು ಮನೆತನವಾಗಿಯೇ ಉಳಿಯುವುದು ಈ ಧಂದೆಯಲ್ಲಿ ಕಷ್ಟ. ಕಾರಣ ಮೇಲೆ ಹೇಳಿದ್ದೇ, ನೆಲಮಾಳಿಗೆಯಲ್ಲಿ ಮಲಗುವ ದುಡ್ಡು.

ನಮ್ಮ ಜಿಲ್ಲೆಗೂ ಒಂದು ಆಸೆ ತೋರಿಸಿದ್ದರು. ಮಹಾರಾಷ್ಟ್ರ ಸರಕಾರ 2001ರಲ್ಲಿ ದ್ರಾಕ್ಷಿ ಸಂಸ್ಕರಣಾ ನೀತಿ ತಂದು ವೈನಿಗೆ ಅಬಕಾರಿ ಸುಂಕದಲ್ಲಿ ರಿಯಾಯಿತಿ ಕೊಟ್ಟಿತು. ನಾಶಿಕ ಜಿಲ್ಲೆಯ ವಿಂಚೂರಿನಲ್ಲಿ ಒಂದು, ಸಾಂಗಲಿ ಜಿಲ್ಲೆಯ ಪಲೂಸದಲ್ಲಿ 'ಕೃಷ್ಣಾ ವ್ಯಾಲಿ ವೈನ್ ಪಾರ್ಕ್' ಎಂದು ಇನ್ನೊಂದು. ಕಿರ್ಲೋಸ್ಕರವಾಡಿಯ ಪಕ್ಕ, ರೈಲು ಹತ್ತಿರ, ದ್ರಾಕ್ಷಿ ಹತ್ತಿರ. ಎಲ್ಲವೂ ಇತ್ತು. ಆದರೆ ನಾಶಿಕದ ಹಾಗೆ ಅದು ಬೆಳೆಯಲಿಲ್ಲ. ಮುಂಬಯಿಯಿಂದ ಶನಿವಾರ ಹೊರಟು ರವಿವಾರ ಮರಳುವ ಪ್ರವಾಸಿಗ ನಾಶಿಕಕ್ಕೆ ಹೋಗುತ್ತಾನೆ, ಪಲೂಸಕ್ಕೆ ಬರುವುದಿಲ್ಲ. ಇನ್ನೂ ದೊಡ್ಡ ಕಾರಣ, ಇಲ್ಲಿಯ ರೈತನ ಕೈಯಲ್ಲಿ ಆಗಲೇ ಬೇದಾಣೆ ಇತ್ತು.

ಬೇದಾಣೆಯ ಬಲ

ತಾಸಗಾಂವ ತಾಲೂಕಿನ ಬೋರಗಾಂವದ ರೈತ ವಸಂತರಾವ ಆರ್ವೆ ತಮ್ಮ ಥಾಮ್ಸನ್ ಬಾಗದಲ್ಲಿ ಬೇರೆಯಾಗಿ ಕಂಡ ಬಳ್ಳಿಯನ್ನು ಗುರುತಿಸಿ ಬೆಳೆಸಿದ ತಳಿಯೇ ತಾಸ್-ಎ-ಗಣೇಶ. ತಾಸ್ ಅಂದರೆ ತಾಸಗಾಂವ, ಎ ಅಂದರೆ ಆರ್ವೆ. ಪ್ರಯೋಗಾಲಯವಿಲ್ಲದೆ ರೈತನ ಕಣ್ಣು ಕೊಟ್ಟ ತಳಿ ಇದು. ಇದರ ವಿಶೇಷವೆಂದರೆ ಹಣ್ಣಿಗೆ ಎರಡು ದಾರಿ. ಜನವರಿ, ಫೆಬ್ರವರಿಯಲ್ಲಿ ದರ ಬಂದರೆ ಪೆಟ್ಟಿಗೆ ಕಟ್ಟಿ ಕಳಿಸು. ದರ ಬಿದ್ದರೆ ಬಳ್ಳಿಯ ಮೇಲೆ ಬಿಟ್ಟು, ಮಾರ್ಚದಲ್ಲಿ ಎಣ್ಣೆ, ಪೊಟ್ಯಾಶಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿ, ನೆರಳುಬಲೆಯ ರ್‍ಯಾಕಿನ ಮೇಲೆ ಹರಡು. ಎರಡು ವಾರದಲ್ಲಿ ಬೇದಾಣೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. ದರ ಬೇಡವಾದರೆ ಸಾಂಗಲಿಯ ಕೋಲ್ಡ್ ಸ್ಟೋರೇಜಿನಲ್ಲಿಟ್ಟು, ರಶೀದಿ ಕೈಯಲ್ಲಿ ಹಿಡಿದು ದೀಪಾವಳಿಗೆ ಕಾಯಬಹುದು.

ಅಂದರೆ ಫ್ರೆಂಚ್ ವಿಧವೆಯರ ನೆಲಮಾಳಿಗೆ ಏನೋ ಅದೇ ನಮ್ಮ ಕೋಲ್ಡ್ ಸ್ಟೋರೇಜು. ಅಲ್ಲಿ ಮಲಗಿರುವ ಮಾಲು ರೈತನದೇ, ಸೌದೆಯಲ್ಲಿ ಬೇಡವೆನ್ನುವ ಹಕ್ಕೂ ಅವನದೇ. ವೈನರಿಗೆ ಹಣ್ಣು ಕೊಟ್ಟ ಮರುಕ್ಷಣ ಈ ಹಕ್ಕು ಹೋಗುತ್ತದೆ.

ಇನ್ನೊಂದು ಪಾರಡೆಯನ್ನೂ ನೋಡಬೇಕು. ಬೇದಾಣೆ ಮಾಡುವವನಿಗೆ ಮಾರ್ಚ, ಎಪ್ರಿಲ್‌ನ ಅವಕಾಳಿ ಮಳೆ ಯಮ. ರ್‍ಯಾಕಿನ ಮೇಲಿನ ಮಾಲು ಒಂದು ರಾತ್ರಿಯಲ್ಲಿ ಕಪ್ಪಾಗುತ್ತದೆ. ಗುಳ್ಳೆ ವೈನಿನ ಹಣ್ಣು ಅಷ್ಟರಲ್ಲಿ ಹೊಲ ಬಿಟ್ಟು ಹೋಗಿರುತ್ತದೆ. ಗೊಂಚಲು ತೆಳ್ಳಗೆ ಮಾಡುವ, ಜಿಎ ದ್ರಾವಣದಲ್ಲಿ ಅದ್ದಿ ಕಾಳು ಉಬ್ಬಿಸುವ ಕೂಲಿಯೂ ಉಳಿಯುತ್ತದೆ. ಏಜೆಂಟನ ಮಾತು ಇಷ್ಟರ ಮಟ್ಟಿಗೆ ನಿಜ. ಆದರೆ ಜನವರಿಗೆ ಹಣ್ಣು ಬರಬೇಕಾದರೆ ಛಾಟಣಿ ಬೇಗ ಆಗಬೇಕು, ಆಗ ಹಿಂಗಾರಿ ಮಳೆಯ ಬಾಯಿಗೆ ಹೂವು ಸಿಗುತ್ತದೆ. 2019ರ ಅಕ್ಟೋಬರ, ನವೆಂಬರದ ಮಳೆಯಲ್ಲಿ ದಾವಣ್ಯಾ ಬಿದ್ದು ಸಾಂಗಲಿ, ನಾಶಿಕ ಎರಡೂ ಕಡೆ ಬಾಗಗಳು ಹೋದದ್ದು ಮರೆಯುವಂತಿಲ್ಲ. ಇಳುವರಿಯೂ ಕಡಿಮೆ. ಊಟದ ದ್ರಾಕ್ಷಿ ಎಕರೆಗೆ ಹತ್ತು, ಹನ್ನೆರಡು ಟನ್ ತೆಗೆಯುವವನು ಒಳ್ಳೆಯ ವೈನಿಗೆ ನಾಲ್ಕೈದು ಟನ್ನಿಗೆ ನಿಲ್ಲಬೇಕು. ಕಿಲೋ ದರ ದುಪ್ಪಟ್ಟಾದರಷ್ಟೇ ಲೆಕ್ಕ ಸರಿಹೋಗುವುದು.

ತಾತ್ಯಾಗೆ ಇದನ್ನೆಲ್ಲ ಹೇಳಿದೆ. ಅವರ ಅಡ್ಡಿ ದುಡ್ಡಿನದಲ್ಲ.

"ನಾವು ಕುಡಿಯೂದಿಲ್ಲ, ಮಾಡೂದಿಲ್ಲ, ಬರೇ ಹಣ್ಣು ಮಾರ್ತೀವಿ ಅಂತ ಅಳಿಯಾ ಅಂತಾನು. ಆದ್ರ ಬೇದಾಣಿ ಮಾರಿದ್ರ ಅದನ್ನ ಯಾರರೆ ಪ್ರಸಾದಕ್ಕ ಹಾಕ್ತಾರು, ಯಾರರೆ ಹುಡುಗರಿಗಿ ತಿನ್ನಾಕ ಕೊಡ್ತಾರು. ಇದು ಹಚ್ಚುವಾಗನ ಗೊತ್ತೈತಲ್ರಿ ಏನ ಆಕ್ಕೈತಿ ಅಂತ?"

ಜೈನ ಗೃಹಸ್ಥರಿಗೆ ಬೇಡವೆಂದ ಹದಿನೈದು ಧಂದೆಗಳಲ್ಲಿ ರಸವಾಣಿಜ್ಯ ಒಂದು. ಮದ್ಯದ ವ್ಯಾಪಾರ ಅದರಲ್ಲಿ ಬರುತ್ತದೆ. ಹಣ್ಣು ಬೆಳೆಯುವುದು ಅದರಲ್ಲಿ ಬರುತ್ತದೋ ಇಲ್ಲವೋ ಎಂದು ವಾದಿಸಬಹುದು, ಈ ಸೀಮೆಯಲ್ಲಿ ಕಬ್ಬು ಬೆಳೆದು ಕಾರಖಾನೆಗೆ ಕೊಡುವವರೆಲ್ಲರೂ ಆ ವಾದದ ಒಳಗೇ ಇದ್ದೇವೆ. ಕಬ್ಬಿನ ಕಾಕಂಬಿಯಿಂದ ಏನು ಭಟ್ಟಿ ಇಳಿಯುತ್ತದೆಂದು ಯಾರಿಗೆ ಗೊತ್ತಿಲ್ಲ? ನಾನು ಈ ಮಾತು ತೆಗೆದೆ. "ಕಬ್ಬು ಸಕ್ರಿಗಿ ಅಂತ ಹಚ್ಚಿದ್ದು, ಆಮ್ಯಾಗ ಅವರು ಏನ ಮಾಡ್ತಾರೋ ಅವರ ಪಾಪ," ಎಂದರು ತಾತ್ಯಾ. ಬಾಟ್ಲಿಯೊಳಗೆ ಯೀಸ್ಟ್ ಹುಟ್ಟಿ, ತಿಂದು, ಸತ್ತು, ಅದರ ಗಸಿಯಿಂದಲೇ ರುಚಿ ಬರುತ್ತದೆ ಎಂದು ವಿವರಿಸಿದ ಮೇಲಂತೂ ಅವರ ಮನಸ್ಸು ಗಟ್ಟಿಯಾಯಿತು. ಜೀವ ಹುಟ್ಟುವ, ಸಾಯುವ ಪದಾರ್ಥವೆಂದೇ ಅಲ್ಲವೇ ಹಿರಿಯರು ಹುದುಗಿದ್ದನ್ನು ಬೇಡವೆಂದದ್ದು.

ಅಳಿಯ ಮೂವತ್ತೈದರ ಹುಡುಗ, ಅವನೂ ಜೈನನೇ, ಅವನಿಗೆ ಸಾಲವಿದೆ. ಫೋನಿನಲ್ಲಿ ನನ್ನೊಡನೆ ಹೇಳಿದ: "ಮಾವನೋರು ಹೇಳೂದು ಖರೇ ಅದರೀ ಅಣ್ಣಾ. ಆದ್ರ ಹೋದ ವರ್ಷ ರ್‍ಯಾಕ್ ಮ್ಯಾಲಿನ ಮಾಲ ತೊಯ್ತು. ಧರ್ಮ ನೋಡ್ಲ್ಯೋ, ಬ್ಯಾಂಕ್ ನೋಡ್ಲ್ಯೋ?" ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಕರಾರಿನ ಬಗ್ಗೆ ಮಾತ್ರ ಹೇಳಿದೆ. ಕನಿಷ್ಠ ದರ ಬರೆದಿರಬೇಕು, ಎಷ್ಟು ವರ್ಷ ಕೊಳ್ಳುತ್ತಾರೆಂದು ಬರೆದಿರಬೇಕು, ಬ್ರಿಕ್ಸ್ ಅಳೆಯುವಾಗ ರೈತನೂ ಎದುರಿಗಿರಬೇಕು, ದುಡ್ಡು ಎಷ್ಟು ದಿನದೊಳಗೆ ಎಂಬುದು ದಿನಾಂಕ ಸಮೇತ ಇರಬೇಕು. ಬಳ್ಳಿ ಹಚ್ಚಿದರೆ ಹದಿನೈದು, ಇಪ್ಪತ್ತು ವರ್ಷ ನಿಲ್ಲುತ್ತದೆ. ಕರಾರು ಮೂರು ವರ್ಷದ್ದಾದರೆ ಉಳಿದ ವರ್ಷಗಳ ಗತಿಯೇನು? ಮತ್ತೆ ಅವನ ನೆಲ. ಕಪ್ಪು ಎರೆಯಲ್ಲಿ ಬಳ್ಳಿ ಸೊಕ್ಕಿ ಎಲೆಗೆ ಹೋಗುತ್ತದೆ, ವೈನಿನ ದ್ರಾಕ್ಷಿಗೆ ಬಡಕಲು ಮರಡಿಯೇ ಮೇಲು. ಸಮಡೋಳಿಯ ನದಿ ದಂಡೆಯ ಮಣ್ಣಂತೂ ಈ ಕೆಲಸಕ್ಕೆ ಆಗುವಂಥದ್ದೇ ಅಲ್ಲ.

ಗಡಿಯ ತೊಡಕು ಇನ್ನೊಂದಿದೆ, ಅದನ್ನು ಏಜೆಂಟ ಹೇಳಿರಲಿಲ್ಲ. ಅಥಣಿ, ವಿಜಯಪುರ ಕಡೆಯ ಬೇದಾಣೆ ಕಾಗವಾಡ, ಮ್ಹೈಸಾಳ ದಾಟಿ ದಿನಾ ತಾಸಗಾಂವ, ಸಾಂಗಲಿ ಸೌದೆಗೆ ಬರುತ್ತದೆ. ಯಾವ ರಾಜ್ಯದ್ದೆಂದು ಅಡತಿಯ ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಹಸಿರು, ಹಳದಿ, ಕಪ್ಪು ಬಣ್ಣ ನೋಡಿ ದರ ಹೇಳುತ್ತಾರೆ. ವೈನಿನಲ್ಲಿ ಹಾಗಲ್ಲ. ಮಹಾರಾಷ್ಟ್ರದ ರಿಯಾಯಿತಿ ಮಹಾರಾಷ್ಟ್ರದ ದ್ರಾಕ್ಷಿಗಾಗಿ ಮಾಡಿದ್ದು. ಕರ್ನಾಟಕ 2007ರಲ್ಲಿ ತನ್ನದೇ ವೈನ್ ನೀತಿ ಮಾಡಿ, ಮಂಡಳಿ ಕಟ್ಟಿ, ತನ್ನ ರೈತರ ದ್ರಾಕ್ಷಿಯ ವೈನಿಗೆ ತಾನು ಸೌಲಭ್ಯ ಕೊಟ್ಟಿತು. ಗಡಿ ದಾಟಿದ ಬಾಟ್ಲಿ ಎರಡೂ ಕಡೆ ಹೊರರಾಜ್ಯದ ಬಾಟ್ಲಿ. ಬೇರೆ ಪರವಾನಿಗೆ, ಬೇರೆ ಲೇಬಲ್ ನೋಂದಣಿ, ಬೇರೆ ಸುಂಕ. ಆದ್ದರಿಂದ ಅಥಣಿಯ ಹಣ್ಣನ್ನು ಆರೇಳು ತಾಸಿನಲ್ಲಿ ತಂಪಾಗಿ ಮುಟ್ಟಿಸಬಲ್ಲ ಮಹಾರಾಷ್ಟ್ರದ ವೈನರಿ ಅದನ್ನು ಕೊಳ್ಳಲು ಹಿಂದ ಮುಂದ ನೋಡುತ್ತದೆ, ಕೊಳ್ಳಬಲ್ಲ ಕರ್ನಾಟಕದ ದೊಡ್ಡ ವೈನರಿ ಬೆಂಗಳೂರಿನ ಆಚೆ ಇದೆ. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸಂಪುಟ ದೊಡ್ಡ ಕಿರಾಣಿ ಮಳಿಗೆಗಳಲ್ಲೂ ವೈನು ಮಾರಲು ಒಪ್ಪಿದಾಗ ಬೇಡಿಕೆ ಏರುತ್ತದೆಂದು ರೈತರಿಗೆ ಆಸೆ ಹುಟ್ಟಿತ್ತು. ಅಣ್ಣಾ ಹಜಾರೆಯವರ ಸಹಿತ ಹಲವರ ವಿರೋಧದಿಂದ ಅದೂ ನಿಂತಿತು.

ಅಳಿಯ ಈಗ ಏಜೆಂಟನಿಗೆ ಎರಡು ಪ್ರಶ್ನೆ ಬರೆದು ಕಳಿಸಿದ್ದಾನೆ: ಹಣ್ಣು ಯಾವ ವೈನರಿಗೆ ಹೋಗುತ್ತದೆ, ಆ ವೈನರಿ ಗಡಿಯ ಯಾವ ಕಡೆ ಇದೆ? ಉತ್ತರ ಬರುವವರೆಗೆ ಹಳೆಯ ಬಳ್ಳಿಗೆ ಕೊಡಲಿ ಹಾಕುವುದಿಲ್ಲ ಎಂದಿದ್ದಾನೆ. ಎಪ್ರಿಲ್‌ನ ಖರಡ ಛಾಟಣಿಗೆ ಆಳುಗಳನ್ನು ಹೇಳಿಟ್ಟಿದ್ದಾನೆ.